1500 ವೋಲ್ಟ್ ಡಿಸಿ ಮೋಟಾರ್ ಕೋಚ್ ದುರಸ್ತಿ: ಬಣ್ಣಕ್ಕಿಂತ ಮೊದಲು ಏನೇನು?

ಹೋಟಗಿ ಜಂಕ್ಷನ್ (ದಕ್ಷಿಣ ಸೊಲ್ಲಾಪುರ)

ಎಲ್ಲಾರಿಗೂ ನಮಸ್ಕಾರ. ಕೆಲಸ ಇಷ್ಟು: ಮ್ಯೂಸಿಯಮ್ಮಿನ ಸೈಡಿಂಗಿನಾಗ ಬಯಲಿಗೆ ನಿಂತಿರೋ ಹಳೆ ಲೋಕಲ್ ಗಾಡಿಯ ಮೋಟಾರ್ ಕೋಚ್, ಅಂದ್ರ ಮೋಟಾರು ಇರೋ ಡಬ್ಬಿ. 1500 ವೋಲ್ಟ್ ಡಿಸಿ, ಚಕ್ರಾ ತಿರಗಸೋ ನಾಕು ಟ್ರಾಕ್ಷನ್ ಮೋಟಾರು, ಕ್ಯಾಮ್‌ಶಾಫ್ಟ್ ಕಂಟ್ರೋಲು (ತಿರುಗೋ ದಂಡದ ಉಬ್ಬಿನಿಂದ ಸ್ವಿಚ್ಚು ಹಾಕಿ ತಗಿಯೋದು), 110 ವೋಲ್ಟಿನ ಕಂಟ್ರೋಲ್ ಸರ್ಕೀಟು. ಸ್ವಯಂಸೇವಕರು ಎಂಟು ಮಂದಿ, ವಾರಕ್ಕ ಒಂದು ದಿನ ಕೆಲಸ. ಜನ ಒಳಗ ಹತ್ತಿ ನೋಡೋಹಂಗ ಆಗಬೇಕು. ಅಷ್ಟ ಅಲ್ಲ, ಅಂಗಳದ ಹಳಿ ಮ್ಯಾಲ ನೂರು ಮೀಟರ್ ಸ್ವಂತ ಮೋಟಾರಿನಿಂದ ಹೋಗಬೇಕು.

ತೊಡಕು ಎರಡು ಅದಾವ. ಅರ್ಧ ಮಂದಿ ಮೊದಲ ಬಣ್ಣ ಹೊಡೀರಿ, ಚಂದ ಕಂಡ್ರ ರೊಕ್ಕ ಕೊಡೋರು ಬರ್ತಾರ ಅಂತಾರ. ಎರಡನೇದು, ಮುಂಬೈದಾಗ ಕಡೀ ಡಿಸಿ ಲೈನು 2016ಕ್ಕ ಬಂದ್ ಆತು. ನಮ್ಮ ಕಡೆ ತಂತಿಯೊಳಗ ಹರಿಯೋದು 25 ಕೆವಿ ಎಸಿ. ಈ ಮೋಟಾರಿಗೆ ಕರೆಂಟು ಎಲ್ಲಿಂದ ತರೋದು? ಎಲ್ಲಿಂದ ಚಾಲೂ ಮಾಡೋಣ ಹೇಳ್ರಿ.

ಅಕ್ಕಲಕೋಟ ಫಿಟ್ಟರ್

ಬಣ್ಣ ಕಡೀಕ್ ರೀ. ಮೊದಲ ನೀರು ನಿಲ್ಲಿಸ್ರಿ. ಮ್ಯಾಲಿಂದ ಬಿದ್ದು ಹರಿದು ಹೋಗೋ ಮಳಿಯಿಂದ ಡಬ್ಬಿ ಅಷ್ಟು ಕೆಡಂಗಿಲ್ಲ. ಒಳಗ ಸಿಕ್ಕೊಂಡ ನೀರು ಕೆಡಸ್ತದ. ಕಿಟಕಿಯ ಶಟರ್ ಇಳಿಯೋ ಪೊಳ್ಳು, ಬಾಗಲದ ಕೆಳಗಿನ ಚಾನೆಲ್ಲು, ಸೋಲ್ ಬಾರ್ (ಡಬ್ಬಿಯ ಕೆಳಗಿನ ಉದ್ದ ತೊಲಿ) ಮ್ಯಾಲಿನ ಸಂದಿ, ಈ ಮೂರೂ ಕಡೆ ನೀರು ಇಳೀಲಿ ಅಂತ ತೂತು ಬಿಟ್ಟಿರ್ತಾರ. ಅವು ಹಳೆ ಬಣ್ಣ, ಧೂಳು, ಸಿಗರೇಟ್ ತುಂಡಿನಿಂದ ಬಂದ್ ಆಗಿರ್ತಾವ. 6 ಮಿ.ಮೀ. ಕಂಬಿ ತಗೊಂಡು ಚುಚ್ಚಿ ಬಿಡಸ್ರಿ. ಇದಕ್ಕ ಒಂದು ರೂಪಾಯಿ ಖರ್ಚಿಲ್ಲ.

ತಾಡಪತ್ರಿ ಹೊಚ್ಚೋದಾದ್ರ ಮೈಗೆ ಅಂಟಿಸಿ ಬಿಗಿಬ್ಯಾಡ್ರಿ. ಪೈಪಿನ ಚೌಕಟ್ಟು ಮಾಡಿ ಛತ್ತಿನಿಂದ ಒಂದು ಗೇಣು ಮ್ಯಾಲ ನಿಲ್ಲಸ್ರಿ, ಎರಡೂ ತುದಿ ಗಾಳಿ ಆಡಲಿ. ಬಿಗದು ಕಟ್ಟಿದ್ರ ರಾತ್ರಿ ಒಳಗ ಬೆವರಿ, ಹೊಚ್ಚಲಾರದ ಡಬ್ಬಿಗಿಂತ ಜಲ್ದಿ ತುಕ್ಕು ತಿಂತದ.

ಆಮ್ಯಾಲ ಸಣ್ಣ ಸುತ್ತಿಗಿ ಹಿಡದು ಇಡೀ ಮೈ ಬಡೀತಾ ಹೋಗ್ರಿ. ಠಣ್ ಅಂದಲ್ಲಿ ಗಟ್ಟಿ, ದಪ್ ಅಂದಲ್ಲಿ ಸೀಮೆಸುಣ್ಣದ ಗುರುತು. ಕತ್ತರಸೋಮುಂದ ಗುರುತಿನ ಅಂಚಿಗೆ ನಿಲ್ಲಬ್ಯಾಡ್ರಿ, ಗಟ್ಟಿ ಲೋಹದೊಳಗ 40ರಿಂದ 50 ಮಿ.ಮೀ. ಹೋಗ್ರಿ. ಹೊಸ ಶೀಟು ಹಳೇದರಷ್ಟ ದಪ್ಪ ಇರಲಿ. ಗಟ್ಟಿ ಜಾಗದಾಗ ವರ್ನಿಯರ್ ಹಚ್ಚಿ ಅಳದು ತರ್ರಿ. ತೆಳು ಶೀಟಿನ ಬಾಜೂಕ ದಪ್ಪಂದು ಕೂಡಿಸಿದ್ರ ವೆಲ್ಡಿಂಗಿನ ಅಂಚಿಗೇ ಸೀಳತದ. ತುಕ್ಕಿನ ಮ್ಯಾಲೇ ತ್ಯಾಪಿ ಹಚ್ಚೋದು ಅಂದ್ರ ನಡುವ ನೀರಿಗೆ ಮನಿ ಕಟ್ಟಿಕೊಟ್ಟಂಗ. ಅಂಚಿಗೆ ಅಂಚು ಕೂಡಿಸಿ ಬೆಸೀರಿ. ಮೊದಲ 75 ಮಿ.ಮೀ.ಗೊಂದು ಟ್ಯಾಕು (ಸಣ್ಣ ಚುಕ್ಕಿ ಬೆಸುಗಿ), ಎಡಕ್ಕೊಂದು ಬಲಕ್ಕೊಂದು ಜಿಗದು ಜಿಗದು. ಒಂದ ಸವನ ಎಳದ್ರ ಶೀಟು ಹಪ್ಪಳ ಆಗ್ತದ.

ಒಂದು ಮಾತು ಮರೀಬ್ಯಾಡ್ರಿ. ವೆಲ್ಡಿಂಗ್ ಅರ್ಥ್ ಕ್ಲಾಂಪು ಬೆಸಿಯೋ ಜಾಗದ ಒಂದು ಮೊಳದೊಳಗ ಇರಬೇಕು. ಸಲೀಸು ಅಂತ ಹಳಿಗೆ ಕಚ್ಚಿಸಿದ್ರ ಕರೆಂಟು ಆಕ್ಸಲ್ ಬೇರಿಂಗ್ ದಾಟಿ ಹೋಗ್ತದ. ರೋಲರಿನ ಮೈಮ್ಯಾಲ ಸಣ್ಣ ಸಣ್ಣ ಸುಟ್ಟ ಗುಳಿ ಬೀಳ್ತಾವ. ಹೊರಗ ಏನೂ ಕಾಣಂಗಿಲ್ಲ, ಗಾಡಿ ಓಡೋಮುಂದ ಗೊರಗೊರ ಅಂತದ.

ಕುಂಬಳೆ ಕಡಲು

ಫಿಟ್ಟರ್ ಹೇಳಿದ್ದು ಸರಿ. ಬಣ್ಣದ ವಿಷಯ ನಾನು ಸೇರಿಸ್ತೇನೆ.

ನಮ್ಮ ಕಾಸರಗೋಡು ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗೆ ಪ್ರೈಮರ್ ಹೊಡೆಯುವ ಮಾತೇ ಇಲ್ಲ. ಗಾಳಿಯ ತೇವ 85 ಶೇಕಡಾ ದಾಟಿದ್ರೆ ನಿಲ್ಲಿಸ್ಬೇಕು. ಶೀಟಿನ ಬಿಸಿ ಇಬ್ಬನಿ ಕಟ್ಟುವ ಬಿಂದುವಿಗಿಂತ ಕಡಿಮೆಯೆಂದ್ರೂ 3 ಡಿಗ್ರಿ ಮೇಲೆ ಇರ್ಬೇಕು. ಕಣ್ಣಿಗೆ ಒಣಗಿದ ಹಾಗೆ ಕಂಡ ಕಬ್ಬಿಣದ ಮೇಲೆ ತೆಳು ನೀರಿನ ಪದರ ಉಂಟು, ಅದರ ಮೇಲೆ ಹೊಡೆದ ಪ್ರೈಮರ್ ಎರಡನೇ ಮಳೆಗಾಲಕ್ಕೆ ಗುಳ್ಳೆ ಏಳ್ತದೆ. ಸಮುದ್ರದ ಹತ್ತಿರ ಉಪ್ಪು ಬೇರೆ. ಉಜ್ಜಿ ತೆಗೆದ ಮೇಲೆ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ನಾಲ್ಕು ಗಂಟೆ ಒಳಗೆ ಪ್ರೈಮರ್ ಬೀಳ್ಬೇಕು.

ನಿಮಗೆ ಸೊಲ್ಲಾಪುರದಲ್ಲಿ ಇದರ ತದ್ವಿರುದ್ಧ ಕಷ್ಟ. ಏಪ್ರಿಲ್, ಮೇ ಮಧ್ಯಾಹ್ನ ಶೀಟು ಕೈ ಇಡ್ಲಿಕ್ಕೆ ಆಗದಷ್ಟು ಕಾಯ್ತದೆ. ಬಣ್ಣದ ಥಿನ್ನರ್ ಮೇಲೆ ಬೀಳುವ ಮೊದಲೇ ಹಾರಿ ಹೋಗಿ, ಮೈ ಉಪ್ಪು ಕಾಗದದ ಹಾಗೆ ಒರಟಾಗ್ತದೆ, ಸೂಜಿತೂತು ಬೀಳ್ತದೆ. ಬೆಳಿಗ್ಗೆ ಒಂಬತ್ತರ ಒಳಗೆ ಮುಗಿಸಿ, ಅದೂ ನೆರಳಿನ ಬದಿ ಮೊದಲು. ಎಪಾಕ್ಸಿ ಪ್ರೈಮರ್ ಒಳ್ಳೆಯದೇ, ಆದರೆ ಬಿಸಿಲಿಗೆ ಹಾಗೆ ಬಿಟ್ರೆ ಸುಣ್ಣದ ಹಾಗೆ ಪುಡಿ ಬರ್ತದೆ. ಮೇಲಿಂದ ಪಾಲಿಯುರೆಥೇನ್ ಹೊಡೆಯದೆ ಬಿಡ್ಬೇಡಿ.

ಮೂಲ ಬಣ್ಣ ಯಾವುದು ಅಂತ ಜಗಳ ಆಗುವ ಮೊದಲು ಒಂದು ಕೆಲಸ ಮಾಡಿ. ಬಾಗಿಲಿನ ಹಿಡಿಕೆಯ ಪ್ಲೇಟು ಕಳಚಿ, ಅದರ ಅಡಿಯಲ್ಲಿ ಬಿಸಿಲು ತಾಗದ ಬಣ್ಣ ಸಿಗ್ತದೆ. ಪಕ್ಕದಲ್ಲಿ ಅಂಗೈ ಅಗಲ ಜಾಗವನ್ನು ನೀರು ಹಾಕಿ ನಯ ಕಾಗದದಲ್ಲಿ ಓರೆಯಾಗಿ ಉಜ್ಜುತ್ತಾ ಹೋದ್ರೆ ಒಂದೊಂದೇ ಪದರ ಮರದ ಬಳೆಗಳ ಹಾಗೆ ಕಾಣ್ತದೆ. ಫೋಟೋ ತೆಗೆದು ಇಡಿ. ನೀರು ಹಾಕದೆ ಉಜ್ಜಲೇಬೇಡಿ. ಹಳೆಯ ಪದರಗಳಲ್ಲಿ ಸೀಸ ಇರ್ತದೆ. ಗ್ಯಾಸ್ ಬೆಂಕಿ ಹಿಡಿದು ಸುಟ್ಟು ತೆಗೆಯುವುದಂತೂ ಬೇಡವೇ ಬೇಡ ಮಾರಾಯ್ರೆ.

ಆದವಾನಿ

ಸೀಸಕ್ಕಿಂತ ಮೊದಲು ಕಲ್ನಾರು (ಆಸ್ಬೆಸ್ಟಾಸ್) ನೋಡಿ. ಆರ್ಕ್ ಚೂಟು (ಸ್ವಿಚ್ಚಿನ ಕಿಡಿ ಆರಿಸುವ ಗೂಡು), ರೆಸಿಸ್ಟನ್ಸ್ ಡಬ್ಬದ ಹಿಂದಿನ ಹಲಗೆ, ಕ್ಯಾಬಿನ ಸ್ವಿಚ್ ಕಪಾಟಿನ ಒಳಮೈ, ಇವೆಲ್ಲ ಆ ಕಾಲದಲ್ಲಿ ಕಲ್ನಾರು ಸಿಮೆಂಟಿನ ಹಲಗೆಗಳೇ. ಬೂದು ಬಣ್ಣ, ಮುರಿದ ಅಂಚಿನಲ್ಲಿ ನಾರು. ತಂತಿ ಬ್ರಷ್, ಡ್ರಿಲ್, ಬ್ಲೋವರ್ ಯಾವುದೂ ಅದರ ಹತ್ತಿರ ಹೋಗಬಾರದು. ಸಾಬೂನಿನ ನೀರು ಸಿಂಪಡಿಸಿ ಒದ್ದೆ ಇದ್ದಾಗಲೇ ಬಿಚ್ಚಿ, ಎರಡು ಪದರ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಮೇಲೆ ಬರೆದು, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳಲು ಪರವಾನಗಿ ಇರುವವರಿಗೇ ಕೊಡಿ. ಬಟ್ಟೆಯ ಮಾಸ್ಕ್ ಇದಕ್ಕೆ ಸಾಲದು. ಕಲ್ನಾರು ಸಂಶಯ ತೀರುವವರೆಗೆ ಶಾಲಾ ಮಕ್ಕಳನ್ನು ಒಳಗೆ ಬಿಡಬೇಡಿ.

ಹೊಸೂರು ವೈಂಡಿಂಗ್

ಮೋಟಾರಿಗೆ ಬರೋಣ. ಇಲ್ಲಿ ಅವಸರ ಮಾಡಿದವರು ಆರ್ಮೇಚರ್ (ಮೋಟಾರಿನೊಳಗೆ ತಿರುಗುವ ಭಾಗ) ಸುಟ್ಟುಕೊಳ್ಳುತ್ತಾರೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಸ್ವಚ್ಛತೆ. ಇನ್ಸ್‌ಪೆಕ್ಷನ್ ಮುಚ್ಚಳ ತೆಗೆದ ಕೂಡಲೇ ಕಂಪ್ರೆಸರ್ ಗಾಳಿ ಹಿಡಿಯಬೇಡಿ. ಒಳಗಿರುವುದು ಆರ್ಮೇಚರಿಗೆ ಕರೆಂಟು ಮುಟ್ಟಿಸುವ ಬ್ರಷ್ಷಿನ ಕಾರ್ಬನ್ ಪುಡಿ, ಕರೆಂಟು ಹರಿಸುವ ವಸ್ತು. ಊದಿದರೆ ಅದು ಕಾಯಿಲುಗಳ ಸಂದಿಗೆ ಇನ್ನೂ ಆಳಕ್ಕೆ ಹೋಗಿ ಕೂರುತ್ತೆ. ವ್ಯಾಕ್ಯೂಮ್ ಕ್ಲೀನರ್ ಮತ್ತು ಮೆತ್ತನೆ ಬ್ರಷ್ ಸಾಕು. ಕಮ್ಯುಟೇಟರಿನ (ಬ್ರಷ್ ತಾಗುವ ತಾಮ್ರದ ಪಟ್ಟಿಗಳ ಉರುಳೆ) ತುದಿಯಲ್ಲಿ ದಾರ ಸುತ್ತಿ ವಾರ್ನಿಷ್ ಹೊಡೆದ ಕೋನದ ಭಾಗ ಇದೆಯಲ್ಲ, ಅಲ್ಲಿ ಎಣ್ಣೆ ಮತ್ತು ಕಾರ್ಬನ್ ಸೇರಿ ಕಪ್ಪು ಪದರ ಕಟ್ಟಿರುತ್ತೆ. ತಾಮ್ರದಿಂದ ಭೂಮಿಗೆ ಕರೆಂಟು ಸೋರುವ ದಾರಿ ಅದೇ. ಒರೆಸಿ, ಒಣಗಿಸಿ, ಕೆಂಪು ಇನ್ಸುಲೇಟಿಂಗ್ ವಾರ್ನಿಷ್ ಎರಡು ಕೋಟು ಕೊಡಿ.

ಆಮೇಲೆ ಮೆಗ್ಗರ್, ಅಂದರೆ ಇನ್ಸುಲೇಷನ್ ಅಳೆಯುವ ಮೀಟರ್. ಮೋಟಾರಿನ ಎಲ್ಲ ಲೀಡುಗಳನ್ನೂ ಕೋಚಿನ ಕೇಬಲ್‌ನಿಂದ ಬಿಡಿಸಿ, ಬ್ರಷ್ಷುಗಳನ್ನು ಎತ್ತಿ ಕಟ್ಟಿ. ಆರ್ಮೇಚರ್ ಬೇರೆ, ಫೀಲ್ಡ್ (ಸುತ್ತಲಿನ ತಿರುಗದ ಕಾಯಿಲ್) ಬೇರೆ, ತಲಾ ಒಂದು ನಿಮಿಷ 1000 ವೋಲ್ಟ್. ಒಟ್ಟಿಗೆ ನೋಡಿದರೆ ಯಾವುದು ಕೆಟ್ಟಿದೆ ಅಂತ ತಿಳಿಯಲ್ಲ. ಪ್ರತಿ ರೀಡಿಂಗಿನ ಪಕ್ಕ ವೈಂಡಿಂಗಿನ ಉಷ್ಣತೆ ಬರೆಯಲೇಬೇಕು. ಪರೀಕ್ಷೆ ಆದ ಮೇಲೆ ಲೀಡನ್ನು ನಾಲ್ಕು ನಿಮಿಷ ಭೂಮಿಗೆ ತಾಗಿಸಿಟ್ಟು ನಂತರ ಮುಟ್ಟಿ. ಹಳೆಯ ವೈಂಡಿಂಗಿಗೆ ವಾಡಿಕೆಯ ಕನಿಷ್ಠ ಲೆಕ್ಕ ಕೆವಿ ಕೂಡಿಸು ಒಂದು, ಮೆಗಾಓಮ್‌ನಲ್ಲಿ, 40 ಡಿಗ್ರಿಗೆ. ನಿಮ್ಮದು 1500 ವೋಲ್ಟಿನ ಲೈನು, ಅಂದರೆ 2.5 ಮೆಗಾಓಮ್.

ಬಯಲಲ್ಲಿ ನಿಂತದ್ದು ಅಷ್ಟು ತೋರಿಸಲ್ಲ, ಒಣಗಿಸಬೇಕು. ಮೋಟಾರಿನ ಕೆಳಗೆ ಮತ್ತು ಮುಚ್ಚಳದೊಳಗೆ 200 ವಾಟಿನ ಬಲ್ಬುಗಳು ನಾಲ್ಕು, ಮೇಲೆ ಕಂಬಳಿ, ಮೇಲ್ಭಾಗದಲ್ಲಿ ತೇವ ಹೋಗಲು ಸಂದಿ. 80 ಡಿಗ್ರಿ ದಾಟಿಸಬೇಡಿ, ಹಳೆಯ ವಾರ್ನಿಷ್ ಬಿರಿಯುತ್ತೆ. ಕರೆಂಟು ಹರಿಸಿ ಒಣಗಿಸೋದಾದರೆ ಫೀಲ್ಡಿಗೆ ಮಾತ್ರ. ತಿರುಗದೆ ನಿಂತ ಆರ್ಮೇಚರಿಗೆ ಹರಿಸಿದರೆ ಬ್ರಷ್ಷಿನ ಅಡಿ ಸಿಕ್ಕ ನಾಲ್ಕು ತಾಮ್ರದ ಪಟ್ಟಿಗಳಷ್ಟೇ ಸುಟ್ಟು ಕಲೆಯಾಗುತ್ತವೆ.

ಕಮ್ಯುಟೇಟರ್ ಚಾಕಲೇಟ್ ಬಣ್ಣಕ್ಕಿದ್ದರೆ ಮುಟ್ಟಬೇಡಿ, ಅದು ಒಳ್ಳೆಯ ಪದರ. ಹಸಿರು ಕಿಲುಬು ಹಿಡಿದಿದ್ದರೆ ನಯವಾದ ಉಪ್ಪು ಕಾಗದ. ಎಮರಿ ಕಾಗದ ಬೇಡ, ಅದರ ಗಟ್ಟಿ ಕಣಗಳು ತಾಮ್ರದಲ್ಲೂ ಬ್ರಷ್ಷಿನಲ್ಲೂ ನೆಟ್ಟುಕೊಂಡು ಗೀರು ಹಾಕುತ್ತಲೇ ಇರುತ್ತವೆ. ಪಟ್ಟಿಗಳ ನಡುವಿನ ಮೈಕಾ ತಾಮ್ರಕ್ಕಿಂತ ಸುಮಾರು 1 ಮಿ.ಮೀ. ಕೆಳಗಿರಬೇಕು. ಸಮಮಟ್ಟಕ್ಕೆ ಬಂದಿದ್ದರೆ ಬ್ರಷ್ ಕುಣಿದು ಕಿಡಿ ಹಾರಿಸುತ್ತೆ. ಹ್ಯಾಕ್ಸಾ ಬ್ಲೇಡನ್ನು ಸಂದಿಯ ಅಗಲಕ್ಕೆ ತೆಳುವಾಗಿ ಸಾಣೆ ಹಿಡಿದು ಕೆರೆಯಿರಿ, ತಾಮ್ರದ ಅಂಚನ್ನು ಒಂದು ಎಳೆ ಓರೆ ಮಾಡಿ.

ಹೊಸ ಬ್ರಷ್ ಹಾಕಿದರೆ ಕಮ್ಯುಟೇಟರಿನ ಮೇಲೆ ಉಪ್ಪು ಕಾಗದದ ಪಟ್ಟಿಯನ್ನು ಒರಟು ಮುಖ ಬ್ರಷ್ಷಿನ ಕಡೆಗೆ ಬರುವಂತೆ ಇಟ್ಟು, ತಿರುಗುವ ದಿಕ್ಕಿಗೆ ಮಾತ್ರ ಎಳೆದು ಮೈ ಕೂರಿಸಿ. ಸ್ಪ್ರಿಂಗಿನ ಒತ್ತಡ ಅಳೆಯಲು ಸ್ಪ್ರಿಂಗ್ ತಕ್ಕಡಿ ಸಾಕು: ಬ್ರಷ್ಷಿನ ಅಡಿಗೆ ಕಾಗದದ ಚೂರು ಇಟ್ಟು, ತಕ್ಕಡಿಯಿಂದ ಸ್ಪ್ರಿಂಗ್ ಎಳೆಯುತ್ತಾ ಹೋಗಿ, ಕಾಗದ ಸಲೀಸಾಗಿ ಜಾರಿದ ಕ್ಷಣದ ಅಂಕೆಯೇ ಒತ್ತಡ. ಒಂದು ಮೋಟಾರಿನ ಎಲ್ಲ ಬ್ರಷ್ಷುಗಳೂ ಹತ್ತಿರ ಹತ್ತಿರ ಒಂದೇ ಇರಲಿ. ಇಲ್ಲದಿದ್ದರೆ ಬಿಗಿ ಇದ್ದದ್ದೇ ಕರೆಂಟೆಲ್ಲ ಹೊತ್ತು ಸವೆಯುತ್ತೆ.

ಹೋಟಗಿ ಜಂಕ್ಷನ್ (ದಕ್ಷಿಣ ಸೊಲ್ಲಾಪುರ)

ಭಾಳ ಉಪಕಾರ ಆತು ಅಣ್ಣಾ. ಮದ್ರಾಸಿನ ಮೀಟರ್ ಗೇಜ್ ಲೋಕಲ್ಲಿನ ಮೋಟಾರಿನ ಬ್ರಷ್ ಹೋಲ್ಡರು ಗುಜರಿಯೊಳಗ ಸಿಗತಾವ ಅಂತ ಒಬ್ಬರು ಹೇಳ್ಯಾರ. ನಡೀತಾವೇನು?

ಹೊಸೂರು ವೈಂಡಿಂಗ್

ಅಳತೆ ನೋಡದೆ ತರಬೇಡಿ. ಮದ್ರಾಸಿನ ಬೀಚ್–ತಾಂಬರಂ ಲೈನು 1931ರಲ್ಲಿ ಶುರುವಾದಾಗ 1500 ವೋಲ್ಟ್ ಡಿಸಿಯೇ, ನಿಜ. ಆದರೆ 1960ರ ದಶಕದಲ್ಲಿ ಅದು 25 ಕೆವಿ ಎಸಿ ಆಯಿತು, ಗಾಡಿಗಳೂ ಬದಲಾದವು. 2004ರಲ್ಲಿ ನಿಂತ ಮೀಟರ್ ಗೇಜ್ ಗಾಡಿಗಳು ಎಸಿಯವು. ಜೊತೆಗೆ 1000 ಮಿ.ಮೀ. ಗೇಜಿನ ಚಕ್ರಗಳ ನಡುವೆ ಹಿಡಿಯುವ ಮೋಟಾರೂ 1676 ಮಿ.ಮೀ. ಗೇಜಿನ ಮೋಟಾರೂ ಗಾತ್ರದಲ್ಲೇ ಬೇರೆ. ಬ್ರಷ್ ಹೋಲ್ಡರಿನಲ್ಲಿ ಬ್ರಷ್ಷಿಗೆ 0.1ರಿಂದ 0.3 ಮಿ.ಮೀ. ಸಡಿಲ ಇರಬೇಕು. ಜಾಸ್ತಿ ಆದರೆ ಓಲಾಡುತ್ತೆ, ಕಮ್ಮಿ ಆದರೆ ಸಿಕ್ಕಿಕೊಳ್ಳುತ್ತೆ. ಗುಜರಿಯದ್ದನ್ನು ಹೊಂದಿಸುವ ಬದಲು ಇರುವ ಹೋಲ್ಡರನ್ನೇ ನಮೂನೆ ಕೊಟ್ಟು ಹಿತ್ತಾಳೆಯಲ್ಲಿ ಎರಕ ಹೊಯ್ಯಿಸಿ.

ಮಧೂರು

ಮುಂಬೈಯ ಕೋಚು ಹೇಳಿದ್ರೆ 1925ರದ್ದಾ? ಬೋರ್ಡಿನಲ್ಲಿ ಹಾಗೆ ಬರೆಯಬಹುದಾ?

ಕುಂಬಳೆ ಕಡಲು

ಬೇಡ. 1925ರ ಫೆಬ್ರವರಿ 3 ಹೇಳುವುದು ಬಾಂಬೆ ವಿಟಿಯಿಂದ ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಹೋದ ದಿನ. ಅದೇ 1500 ವೋಲ್ಟಿನ ಪದ್ಧತಿಯಲ್ಲಿ ತೊಂಬತ್ತು ವರ್ಷ ಬೇರೆ ಬೇರೆ ತಲೆಮಾರಿನ ಗಾಡಿಗಳು ಓಡಿದವು. ಕೋಚಿನ ಸೋಲ್ ಬಾರ್ ಮೇಲೆ ತಯಾರಕರ ಪ್ಲೇಟು ಉಂಟಾ ನೋಡಿ. ಇಲ್ಲದಿದ್ರೆ ಮೋಟಾರಿನ ಮತ್ತು ಕಂಪ್ರೆಸರಿನ ಪ್ಲೇಟಿನ ಇಸವಿ. ಆದರೆ ಮೋಟಾರು ಒಂದು ಕೋಚಿನಿಂದ ಇನ್ನೊಂದಕ್ಕೆ ಹೋಗಿರ್ತದೆ, ಅದನ್ನೇ ಕೋಚಿನ ಜಾತಕ ಮಾಡ್ಬೇಡಿ.

ಹೋಟಗಿ ಜಂಕ್ಷನ್ (ದಕ್ಷಿಣ ಸೊಲ್ಲಾಪುರ)

ಕರೆಂಟಿನ ಮಾತು ಉಳೀತು. ಬ್ಯಾಟರಿ ಮ್ಯಾಲ ಹೋಗ್ತದೇನು?

ಹೊಸೂರು ವೈಂಡಿಂಗ್

ಹೋಗುತ್ತೆ. ಡಿಸಿ ಸೀರೀಸ್ ಮೋಟಾರಿನ ಸೊಗಸೇ ಅದು: ತಿರುಗಿಸುವ ಬಲ ಕರೆಂಟಿನಿಂದ, ವೇಗ ವೋಲ್ಟೇಜಿನಿಂದ. ನಿಮಗೆ ವೇಗ ಬೇಕಿಲ್ಲ.

ಲೆಕ್ಕ ಹೀಗೆ. 12 ವೋಲ್ಟಿನ ಲಾರಿ ಬ್ಯಾಟರಿ ಒಂಬತ್ತು ಸೀರೀಸಿನಲ್ಲಿ, 108 ವೋಲ್ಟ್. ನಾಲ್ಕೂ ಮೋಟಾರು ಒಂದರ ಹಿಂದೊಂದು ಸೀರೀಸಿನಲ್ಲಿ. ಒಂದೊಂದರ ರೆಸಿಸ್ಟನ್ಸ್ 0.15 ಓಮ್ ಎಂದಿಟ್ಟುಕೊಳ್ಳಿ, ಕೇಬಲ್ ಮತ್ತು ಬ್ಯಾಟರಿಯದ್ದು 0.1, ಒಟ್ಟು 0.7. ನಿಂತಲ್ಲಿಂದ ಹೊರಡುವಾಗ ಸುಮಾರು 150 ಆಂಪಿಯರ್. ಸಮತಟ್ಟು ಹಳಿಯಲ್ಲಿ ಕೋಚು ಕದಲಲು ಇದು ಸಾಕು. ನಿಮ್ಮ ಮೋಟಾರಿನ ರೆಸಿಸ್ಟನ್ಸ್ ಅಳೆದು ಲೆಕ್ಕ ಮತ್ತೆ ಮಾಡಿ. ಮಲ್ಟಿಮೀಟರ್ ಇಷ್ಟು ಕಡಿಮೆ ಓಮ್ ಸರಿ ತೋರಿಸಲ್ಲ; 10 ಆಂಪಿಯರ್ ಹರಿಸಿ ಎರಡು ತುದಿಯ ವೋಲ್ಟೇಜ್ ನೋಡಿ ಭಾಗಿಸಿ. 750 ವೋಲ್ಟಿಗೆ ಮಾಡಿದ ಮೋಟಾರಿಗೆ ಹೆಚ್ಚೆಂದರೆ 27 ವೋಲ್ಟ್ ಸಿಗುತ್ತೆ, ಆದ್ದರಿಂದ ವೇಗ ನಡಿಗೆಯಷ್ಟೇ.

ಎಡವುವ ಜಾಗ ಎರಡು. ಕೋಚಿನ ಸ್ಟಾರ್ಟಿಂಗ್ ರೆಸಿಸ್ಟನ್ಸ್ 1500 ವೋಲ್ಟಿಗೆ ಲೆಕ್ಕ ಹಾಕಿದ್ದು, ಕೆಲವು ಓಮ್ ಇರುತ್ತೆ. ಅದು ದಾರಿಯಲ್ಲಿದ್ದರೆ 108 ವೋಲ್ಟಿಗೆ ಇಪ್ಪತ್ತು ಆಂಪಿಯರೂ ಹರಿಯಲ್ಲ, ಕೋಚು ಅಲ್ಲಾಡಲ್ಲ. ಜಂಪರ್ ಕೇಬಲ್ ಹಾಕಿ ಅದನ್ನು ಬಿಟ್ಟು ಹೋಗಿ. ಇನ್ನೊಂದು, ಮನೆಯ ಎಸಿ ಎಂಸಿಬಿಯಿಂದ ಈ ಸರ್ಕೀಟು ಕಡಿಯಲು ಹೋಗಬೇಡಿ.

ಮಧೂರು

108 ವೋಲ್ಟ್ ಅಷ್ಟೇ ಅಲ್ವಾ? ಎಂಸಿಬಿ 230ರದ್ದು.

ಹೊಸೂರು ವೈಂಡಿಂಗ್

ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತೆ, ಆಗ ಕಿಡಿ ತಾನೇ ಆರುತ್ತೆ. ಡಿಸಿ ಸೊನ್ನೆಗೆ ಬರಲ್ಲ. ನಾಲ್ಕು ಮೋಟಾರಿನ ಫೀಲ್ಡ್ ಕಾಯಿಲ್ ಹಿಂದಿನಿಂದ ತಳ್ಳುತ್ತಿದ್ದರೆ ಎಂಸಿಬಿಯೊಳಗೆ ಕಿಡಿ ಉರಿಯುತ್ತಲೇ ಇರುತ್ತೆ, ಡಬ್ಬ ಕರಗುತ್ತೆ. ಕೋಚಿನದೇ ಲೈನ್ ಕಂಟ್ಯಾಕ್ಟರ್ (ಮುಖ್ಯ ಕರೆಂಟು ಹಾಕಿ ತೆಗೆಯುವ ಸ್ವಿಚ್) ಬಳಸಿ, ಅದರ ಬ್ಲೋಔಟ್ ಕಾಯಿಲ್ ಕಿಡಿಯನ್ನು ಚೂಟಿನೊಳಗೆ ಊದಿ ಆರಿಸಲೆಂದೇ ಇರುವುದು. ಬಿಚ್ಚಿ ಜೋಡಿಸುವಾಗ ಆ ಕಾಯಿಲ್ ತಿರುಗಿ ಕೂತರೆ ಕಿಡಿ ಹೊರಗೆ ಹೋಗುವ ಬದಲು ಒಳಗೆ, ಮೆಕ್ಯಾನಿಸಮ್ಮಿನ ಮೇಲೆ ಬರುತ್ತೆ. ಬಿಚ್ಚುವ ಮುನ್ನ ಗುರುತು ಹಾಕಿ. ಕಲ್ನಾರಿನ ಚೂಟು ತೆಗೆದಿದ್ದರೆ ಕಲ್ನಾರಿಲ್ಲದ ಹಲಗೆಯಲ್ಲಿ ಅದೇ ಆಕಾರದ್ದು ಮಾಡಿಸಿ ಹಾಕಿದ ಮೇಲೆಯೇ ಚಾಲೂ. ತಾಮ್ರದ ತುದಿಗಳನ್ನು ನಯ ಅರದಿಂದ ಉಜ್ಜಬಹುದು, ಇಂಟರ್‌ಲಾಕಿನ (ಕಂಟ್ರೋಲ್ ಸರ್ಕೀಟಿನ ಸಣ್ಣ ಸ್ವಿಚ್) ಬೆಳ್ಳಿ ತುದಿಗಳನ್ನು ಬಟ್ಟೆಯಲ್ಲಿ ಒರೆಸಿದರೆ ಸಾಕು.

ಕಂಟ್ರೋಲ್ ಸರ್ಕೀಟಿನ ಹಳೆಯ ರಬ್ಬರ್ ವೈರುಗಳನ್ನು ಬಗ್ಗಿಸಿದರೆ ಪುಡಿಯಾಗಿ ಉದುರುತ್ತವೆ. ಒಂದೊಂದಕ್ಕೂ ಎರಡೂ ತುದಿಗೆ ನಂಬರಿನ ಚೀಟಿ ಕಟ್ಟಿ, ಒಂದು ತೆಗೆದು ಒಂದು ಹಾಕಿ. ಇಡೀ ಕಟ್ಟು ಕತ್ತರಿಸಿ ಆಮೇಲೆ ನೋಡೋಣ ಅಂದರೆ ಮುಗಿಯಿತು. ಮೊದಲ ಸಲ 110 ವೋಲ್ಟ್ ಕೊಡುವಾಗ ಸೀರೀಸ್ ಬಲ್ಬ್ ಇರಲಿ.

ಅಕ್ಕಲಕೋಟ ಫಿಟ್ಟರ್

ಹೊರಡೋ ಮಾತು ಆತು, ನಿಲ್ಲೋ ಮಾತು ಯಾರೂ ಆಡಲಿಲ್ಲ. ಮೋಟಾರ್ ಕೋಚು 50 ಟನ್ನಿನ ಆಸುಪಾಸು. ನಡಗಿ ವೇಗದಾಗೂ ಅದನ್ನ ಕೈಲೆ ಹಿಡಿಯೋದು ಆಗಂಗಿಲ್ಲ.

ಗಾಳಿ ಟಾಕಿಗಳನ್ನ ಮೊದಲ ನೀರು ತುಂಬಿ ಪರೀಕ್ಷೆ ಮಾಡಸ್ರಿ, ಕೆಲಸದ ಒತ್ತಡದ ಒಂದೂವರೆ ಪಟ್ಟು. ಚದರ ಸೆಂ.ಮೀ.ಗೆ 7 ಕೆಜಿ ಒತ್ತಡದಾಗ ಓಡೋ ಟಾಕಿ ಆದ್ರ 10.5. ಗಾಳಿ ತುಂಬಿ ಪರೀಕ್ಷೆ ಮಾಡಬ್ಯಾಡ್ರಿ. ನೀರಿನ ಟಾಕಿ ಒಡದ್ರ ಕಾಲು ತೊಯ್ತಾವ, ಗಾಳಿ ಟಾಕಿ ಒಡದ್ರ ಬಾಂಬು. ಬ್ರೇಕ್ ಸಿಲಿಂಡರಿನ ಚರ್ಮದ ಕಪ್ಪು ಒಣಗಿ ಕಟ್ಟಿಗಿ ಆಗಿದ್ರ ಬದಲ ಮಾಡ್ರಿ. ನೈಸರ್ಗಿಕ ರಬ್ಬರಿಂದು ಇದ್ರ ಇಂಜಿನ್ ಎಣ್ಣಿ ಸವರಬ್ಯಾಡ್ರಿ, ಉಬ್ಬಿ ಸಿಕ್ಕೊಂತದ.

ಆಕ್ಸಲ್ ಮ್ಯಾಲ ಕೂಡೋ ಮೋಟಾರಿನ ಸಸ್ಪೆನ್ಷನ್ ಬೇರಿಂಗು ವೈಟ್ ಮೆಟಲ್ಲಿಂದು (ಮೆತ್ತನ ಬೇರಿಂಗ್ ಲೋಹ) ಇದ್ರ ಕೆಳಗಿನ ಎಣ್ಣಿ ಡಬ್ಬಿ ಬಿಚ್ಚ್ರಿ. ಅದರಾಗ ಅರ್ಧ ನೀರು ಇರ್ತದ. ಉಣ್ಣಿಯ ಪ್ಯಾಡು ಹೊಸದು ಎಣ್ಣಿಯೊಳಗ ಒಂದು ದಿನ ನೆನಸಿ ಹಾಕ್ರಿ. ಒಣ ಪ್ಯಾಡಿನ ಮ್ಯಾಲ ನೂರು ಮೀಟರ್ ಹೋದ್ರೂ ವೈಟ್ ಮೆಟಲ್ ಒರಸತದ. ಗೇರ್ ಕೇಸಿನೊಳಗೂ ನೀರು ನೋಡ್ರಿ.

ಇನ್ನೊಂದು ಮಾತು, ಬೇರೆ ಇಂಜಿನ್ನಿನಿಂದ ಎಳೆಸೋದಾದ್ರ ಮೋಟಾರ್ ಕಟ್‌ಔಟ್ ಸ್ವಿಚ್ಚು ತಗದ ಇರಬೇಕು. ಎರಡು ಮೋಟಾರು ಒಂದಕ್ಕೊಂದು ಸುತ್ತು ಕೂಡಿದ್ರ, ಕಬ್ಬಿಣದಾಗ ಉಳಿದ ಚುಂಬಕ ಶಕ್ತಿ ಸಾಕು, ಜನರೇಟರ್ ಆಗಿ ಚಕ್ರಾ ಹಿಡದು ನಿಲ್ಲಸ್ತದ.

ಮತ್ತ, ಸ್ಟೋರಿನವರಿಗೆ ಬರೆಯೋಮುಂದ ಡಬ್ಬಿಗೆ ಬೋಗಿ ಅಂತ ಬರೀಬ್ಯಾಡ್ರಿ. ನಮಗ ಬೋಗಿ ಅಂದ್ರ ಡಬ್ಬಿ, ರೈಲ್ವೆಯವರಿಗೆ ಅದರ ಕೆಳಗಿನ ಚಕ್ರದ ಚೌಕಟ್ಟು. ಬೋಗಿಗೆ ಕಿಟಕಿ ಬೇಕು ಅಂದ್ರ ನಗ್ತಾರ.

ಕುಂಬಳೆ ಕಡಲು

ಬ್ರೇಕಿನ ಮಾತು ಬಂತಲ್ಲ, ಒಂದು ನಮ್ಮೂರಿನ ಸೇರಿಕೆ. ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಮಾಡಿದ ಪುಡಿಯನ್ನು ಬ್ರೇಕ್ ಲೈನಿಂಗಿನಲ್ಲಿ ಬೆರೆಸ್ತಾರೆ. ಹಾಗಂತ ಆ ಎಣ್ಣೆಯನ್ನು ಹಾಗೇ ಸೀಟಿನ ಮರಕ್ಕೆ ಬಳಿಯಬೇಡಿ. ಗೆದ್ದಲಿಗೆ ಮದ್ದು ಹೌದು, ಆದರೆ ಕೈಗೆ ತಾಗಿದ್ರೆ ಚರ್ಮ ಸುಟ್ಟು ಸುಲೀತದೆ. ಜನ ಕೂತುಕೊಳ್ಳುವ ಸಾಗುವಾನಿಗೆ ಕುದಿಸಿದ ಅಗಸೆ ಎಣ್ಣೆ, ತೆಳುವಾಗಿ ಮೂರು ಸಲ. ಒರೆಸಿದ ಚಿಂದಿಯನ್ನು ಮುದ್ದೆ ಮಾಡಿ ಕೋಚಿನೊಳಗೆ ಬಿಡ್ಬೇಡಿ, ತಾನಾಗಿ ಬೆಂಕಿ ಹಿಡೀತದೆ. ನೀರಿನ ಬಕೆಟಿಗೆ ಹಾಕಿ.

ಹೋಟಗಿ ಜಂಕ್ಷನ್ (ದಕ್ಷಿಣ ಸೊಲ್ಲಾಪುರ)

ಮೂರನೇ ಮೋಟಾರಿನ ಆರ್ಮೇಚರ್ ರೀಡಿಂಗ್ ನೋಡ್ರಿ. ಬಲ್ಬ್ ಹಚ್ಚೋ ಮೊದಲ 32 ಡಿಗ್ರಿಗೆ 1.8 ಮೆಗಾಓಮ್. ಐದು ತಾಸಿನ ಮ್ಯಾಲ 62 ಡಿಗ್ರಿಗೆ 0.6. ಒಣಗಿಸಿದ್ರ ಇಳೀತದಲ್ಲ? ಬಲ್ಬ್ ತಗೀಬೇಕೇನು?

ಹೊಸೂರು ವೈಂಡಿಂಗ್

ತೆಗೆಯಬೇಡಿ, ಸರಿಯಾಗೇ ಹೋಗ್ತಿದೆ. ಹತ್ತು ಡಿಗ್ರಿ ಏರಿದರೆ ರೀಡಿಂಗ್ ಅರ್ಧಕ್ಕೆ ಇಳಿಯುತ್ತೆ, ತೇವ ಇರಲಿ ಬಿಡಲಿ. 30 ಡಿಗ್ರಿ ಏರಿದೆ ಅಂದರೆ ಎಂಟನೇ ಒಂದು ಭಾಗ. ಏನೂ ಒಣಗದಿದ್ದರೆ 0.22 ಬರಬೇಕಿತ್ತು, ನಿಮಗೆ 0.6 ಬಂದಿದೆ. ಅದನ್ನು 40 ಡಿಗ್ರಿಗೆ ತಿರುಗಿಸಿದರೆ ಸುಮಾರು 2.7, ಗೆರೆ ದಾಟಿದ್ದೀರಿ. ಆದರೆ 62 ಅನ್ನೋದು ಒಳಗಿನ ಗಾಳಿಯದ್ದೋ ವೈಂಡಿಂಗಿನದ್ದೋ? ಥರ್ಮಾಮೀಟರ್ ಕಾಯಿಲಿಗೆ ತಾಗಿಸಿ ಇನ್ನೊಮ್ಮೆ ನೋಡಿ. ಒಂದೇ ಉಷ್ಣತೆಯಲ್ಲಿ ಎರಡೆರಡು ತಾಸಿಗೊಮ್ಮೆ ತೆಗೆದ ಮೂರು ರೀಡಿಂಗ್ ಒಂದೇ ಬರುವ ತನಕ ಬಲ್ಬ್ ಉರಿಯಲಿ. ರಾತ್ರಿ ಕಾವಲಿಗೆ ಒಬ್ಬರು ಇರಬೇಕು, ಕಂಬಳಿ ಬಲ್ಬಿಗೆ ತಾಗದ ಹಾಗೆ ತಂತಿ ಜಾಲರಿ ಕಟ್ಟಿ.